ಶಿಬಿರ ಪಾಸು, ಹಾಳೆ ಜಸ್ಟ್ ಪಾಸು: ಬಿಆರ್‌ಸಿಯ ಸಮನ್ವಯ ಶಿಕ್ಷಣ ಸೇವೆ ಹೇಗಿದೆ?

ಸರ್ಕಾರಿ ಶಾಲೆಯಲ್ಲಿ ಓದುವ ಮಗುವಿಗೆ ಕಣ್ಣು, ಕಿವಿ, ಕೈಕಾಲು, ಬುದ್ಧಿಯ ಬೆಳವಣಿಗೆ ಅಥವಾ ಓದು-ಬರಹದಲ್ಲಿ ತೊಡಕಿದ್ದರೆ ಅದಕ್ಕೆಂದೇ ಒಂದು ಉಚಿತ ಸೇವೆ ತಾಲ್ಲೂಕು ಮಟ್ಟದಲ್ಲೇ ಇದೆ. ಕಚೇರಿಯ ಮಾತಿನಲ್ಲಿ ಅದು ಸಮನ್ವಯ ಶಿಕ್ಷಣ. ಸಮಗ್ರ ಶಿಕ್ಷಣ ಯೋಜನೆಯ ಅನುದಾನದಲ್ಲಿ ಕ್ಷೇತ್ರ ಸಂಪನ್ಮೂಲ ಕೇಂದ್ರ, ಅಂದರೆ ಬಿಆರ್‌ಸಿ, ಇದನ್ನು ನಡೆಸುತ್ತದೆ. ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಎಷ್ಟೋ ಪೋಷಕರು ಬಿಆರ್‌ಸಿಯ ಮುಂದೆಯೇ ಹಾದು ನೇರವಾಗಿ ನಿಮ್ಹಾನ್ಸ್‌ಗೆಂದು ಬೆಂಗಳೂರಿನ ಬಸ್ಸು ಹತ್ತುತ್ತಾರೆ. ತಪಾಸಣೆಗೆ ಹೋಗುವುದು ಸರಿಯೇ. ಆದರೆ ಅಲ್ಲಿಂದ ತಂದ ಫೈಲು ಮನೆಯ ಬೀರುವಿನಲ್ಲೇ ಉಳಿದರೆ ಸೋಮವಾರ ಬೆಳಿಗ್ಗೆ ತರಗತಿಯಲ್ಲಿ ಏನೂ ಬದಲಾಗುವುದಿಲ್ಲ. ತರಗತಿಯಲ್ಲಿ ಕೆಲಸಕ್ಕೆ ಬರುವ ಕಾಗದ ಬೇರೆ: ವೈಯಕ್ತಿಕ ಶಿಕ್ಷಣ ಯೋಜನೆ, ಎಲ್ಲರೂ ಕರೆಯುವಂತೆ ಐಇಪಿ. ಈ ಸೇವೆಯನ್ನು ಆ ಹಾಳೆಯಿಂದಲೇ ಅಳೆಯಬೇಕು. ಅಳೆದರೆ ಸಿಗುವ ಫಲಿತಾಂಶ ಹೀಗೆ: ಶಿಬಿರ ಮತ್ತು ಸಲಕರಣೆ ಚೆನ್ನಾಗಿದೆ, ಯೋಜನೆ ಬರೆಯುವುದು ಸಾಧಾರಣ, ಬರೆದದ್ದನ್ನು ತರಗತಿ ಶಿಕ್ಷಕರ ಕೈಗೆ ಮುಟ್ಟಿಸುವುದು ಕಳಪೆ.

ಕಳಪೆ ಏಕೆಂದರೆ ಜನ ಸಾಲದು. ಸೇವೆಯ ಮುಖ್ಯ ವ್ಯಕ್ತಿ ಬಿಐಇಆರ್‌ಟಿ, ಅಂದರೆ ತಾಲ್ಲೂಕಿನ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರು. ಸುಪ್ರೀಂ ಕೋರ್ಟ್ 2021ರ ಅಕ್ಟೋಬರ್‌ನಲ್ಲಿ ಕೊಟ್ಟ ತೀರ್ಪಿನಲ್ಲಿ ಪ್ರಾಥಮಿಕ ಹಂತದಲ್ಲಿ 10 ವಿಶೇಷ ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕ, ಅದರ ಮೇಲಿನ ಹಂತದಲ್ಲಿ 15 ಮಕ್ಕಳಿಗೆ ಒಬ್ಬ ಎಂಬ ಅನುಪಾತವಿದೆ. ತಾಲ್ಲೂಕಿನಲ್ಲಿ ಒಬ್ಬೊಬ್ಬ ಬಿಐಇಆರ್‌ಟಿ ಎಷ್ಟು ಕ್ಲಸ್ಟರ್ (ಶಾಲೆಗಳ ಗುಂಪು) ಸುತ್ತುತ್ತಾರೆಂದು ನೋಡಿದರೆ ಅನುಪಾತದ ಮಾತೇ ಬೇಡ ಅನ್ನಿಸುತ್ತದೆ. ಆದ್ದರಿಂದ ಮೇಡಂ ವಾರಕ್ಕೊಮ್ಮೆ ಬಂದು ಮಗುವಿಗೆ ಪಾಠ ಹೇಳುತ್ತಾರೆಂಬ ನಿರೀಕ್ಷೆಯನ್ನು ಮೊದಲೇ ಬಿಟ್ಟುಬಿಡಿ. ಅವರು ಬಂದಾಗ ತರಗತಿ ಶಿಕ್ಷಕರಿಗೆ ಏನು ಹೇಳಿಕೊಟ್ಟು ಹೋದರು ಎಂದು ಕೇಳುವುದೇ ಸರಿಯಾದ ನಿರೀಕ್ಷೆ.

ಗುರುತಿಸುವ ಕೆಲಸ ಜೂನ್‌ನಲ್ಲಿ ದಾಖಲಾತಿಯ ಜೊತೆಗೇ ಶುರುವಾಗುತ್ತದೆ. ತರಗತಿ ಶಿಕ್ಷಕರು ತಪಾಸಣಾ ಪಟ್ಟಿ ತುಂಬಿ, ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಮೂಲಕ ಬಿಆರ್‌ಸಿಗೆ ಹೆಸರು ಕಳಿಸಿ, ವಿದ್ಯಾರ್ಥಿಗಳ ಆನ್‌ಲೈನ್ ದಾಖಲೆಯಾದ ಸ್ಯಾಟ್ಸ್‌ನಲ್ಲಿ ವಿಶೇಷ ಅಗತ್ಯವುಳ್ಳ ಮಗು ಎಂದು ನಮೂದಿಸಬೇಕು. ಈಗ ಎನ್‌ಸಿಇಆರ್‌ಟಿಯ ಪ್ರಶಸ್ತ್ ಎಂಬ ಆ್ಯಪ್ ಕೂಡ ಇದೆ. ಮೊದಲ ಭಾಗವನ್ನು ಸಾಮಾನ್ಯ ಶಿಕ್ಷಕರು, ಎರಡನೆಯದನ್ನು ವಿಶೇಷ ಶಿಕ್ಷಕರು ತುಂಬುತ್ತಾರೆ. ಇದು ತಪಾಸಣೆ ಮಾತ್ರ, ರೋಗನಿರ್ಣಯವಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ನ್ಯೂನತೆಗಳಿದ್ದರೂ ಶಾಲೆಯ ಪಟ್ಟಿಯಲ್ಲಿ ಬೇಗ ಸೇರುವುದು ಕಣ್ಣಿಗೆ ಕಾಣುವಂಥವು. ಸುಮ್ಮನೆ ಮೂಲೆಯಲ್ಲಿ ಕೂರುವ ಆಟಿಸಂ ಮಗು, ನೋಟ್ಸ್ ಅಂದವಾಗಿ ನಕಲು ಮಾಡಿ ಒಂದಕ್ಷರವೂ ಓದಲಾಗದ ಮಗು ಹೊರಗೇ ಉಳಿಯುತ್ತವೆ.

ನಮ್ಮ ಕಡೆಯದೇ ಒಂದು ತೊಡಕಿದೆ. ಮುಳಬಾಗಿಲು, ಶ್ರೀನಿವಾಸಪುರ, ಚಿಂತಾಮಣಿ, ಬಾಗೇಪಲ್ಲಿ ಕಡೆ ಮನೆಮಾತು ತೆಲುಗು, ಪಟ್ಟಣದ ಎಷ್ಟೋ ಮನೆಗಳಲ್ಲಿ ಉರ್ದು. ಆರು ವರ್ಷದ ಮಗು ಕನ್ನಡದ ಪ್ರಶ್ನೆಗೆ ಸುಮ್ಮನಿದ್ದರೆ ಅದು ಭಾಷೆ ಬಾರದ ಮೌನವೋ ಬುದ್ಧಿಯ ಬೆಳವಣಿಗೆಯ ತೊಡಕೋ ಎಂದು ಪಟ್ಟಿಯಲ್ಲಿ ಟಿಕ್ ಹಾಕುವವರಿಗೆ ಗೊತ್ತಾಗುವುದಿಲ್ಲ. ಮಗುವಿನ ಹೆಸರು ಕಳಿಸುವ ಮುನ್ನ ಅವೇ ಸೂಚನೆಗಳನ್ನು ಮನೆಮಾತಿನಲ್ಲಿ ಕೊಟ್ಟು ನೋಡಬೇಕು: ಚೀಲ ತಂದು ಇಲ್ಲಿಡು, ಎರಡು ಕಲ್ಲು ಕೊಡು, ಬಾಗಿಲು ಹಾಕಿ ಬಾ. ತೆಲುಗಿನಲ್ಲಿ ಹೇಳಿದಾಗ ಎರಡು ಹಂತದ ಸೂಚನೆಯನ್ನು ಸರಿಯಾಗಿ ಪಾಲಿಸುವ ಮಗುವಿಗೆ ಬೇಕಾದ್ದು ಕನ್ನಡ, ಐಇಪಿಯಲ್ಲ. ಮನೆಮಾತಿನಲ್ಲೂ ತಡವರಿಸಿದರೆ ಮಾತ್ರ ಮುಂದುವರಿಯಿರಿ. ಮೊದಲು ಕಿವಿಯ ಪರೀಕ್ಷೆ ಮಾಡಿಸಿ. ಅರೆ ಕಿವುಡನ್ನು ದಡ್ಡತನವೆಂದು ಬರೆದುಬಿಡುವುದು ಹಳೆಯ ಚಾಳಿ.

ಇನ್ನು ಶಿಬಿರ. ಸೇವೆಯ ಅತ್ಯುತ್ತಮ ಭಾಗ ಇದೇ. ಮೂಳೆ, ಕಣ್ಣು, ಕಿವಿ, ಮಾನಸಿಕ ವಿಭಾಗದ ತಜ್ಞರು ಒಂದೇ ಕಡೆ ಸಿಗುತ್ತಾರೆ. ಗಾಲಿಕುರ್ಚಿ, ಕಾಲಿಗೆ ಆಸರೆಯಾಗಿ ಕಟ್ಟುವ ಕ್ಯಾಲಿಪರ್, ಶ್ರವಣಯಂತ್ರಗಳ ಅಳತೆ ಅಲ್ಲೇ ಆಗುತ್ತದೆ. ಸಲಕರಣೆಗಳು ಹೆಚ್ಚಾಗಿ ಕೇಂದ್ರ ಸರ್ಕಾರದ ಅಲಿಂಕೋ ಸಂಸ್ಥೆಯವು. ಆಧಾರ್, ರೇಷನ್ ಕಾರ್ಡ್, ಶಾಲೆಯ ವ್ಯಾಸಂಗ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್ ಪ್ರತಿ, ಫೋಟೋ, ಹಳೆಯ ವೈದ್ಯಕೀಯ ಚೀಟಿ ಇಷ್ಟನ್ನೂ ಎರಡೆರಡು ಜೊತೆ ಒಯ್ದರೆ ಸರದಿಯಿಂದ ಎದ್ದು ಜೆರಾಕ್ಸ್ ಅಂಗಡಿಗೆ ಓಡುವುದು ತಪ್ಪುತ್ತದೆ.

ಕೆಡುವುದು ಅಳತೆಗೂ ವಿತರಣೆಗೂ ನಡುವೆ. ತಿಂಗಳುಗಳು ಉರುಳುತ್ತವೆ, ಮಗುವಿನ ಕಾಲು ಬೆಳೆಯುತ್ತದೆ, ಬಂದ ಕ್ಯಾಲಿಪರ್ ಕಚ್ಚುತ್ತದೆ. ಕೊಡುವ ದಿನವೇ ಹಾಕಿಸಿ ಹತ್ತು ಹೆಜ್ಜೆ ನಡೆಸಿ ನೋಡಿ, ಚರ್ಮ ಕೆಂಪಾಗಿ ಹಾಗೇ ಉಳಿದರೆ ಅಲ್ಲೇ ಹೇಳಿ. ಸಹಿ ಹಾಕಿ ಮನೆಗೆ ಬಂದ ಮೇಲೆ ಬದಲಿಸುವುದು ಕಷ್ಟ. ಶ್ರವಣಯಂತ್ರದ್ದು ಬೇರೆ ಗೋಳು. ಕಿವಿಯ ಹಿಂದೆ ಕೂರುವ ಯಂತ್ರಕ್ಕೆ ಮಗುವಿನ ಕಿವಿಯ ಅಚ್ಚು ತೆಗೆದು ಮಾಡಿದ ಮೋಲ್ಡ್ ಬೇಕು. ಕಿವಿ ಬೆಳೆದಂತೆ ಅದು ಸಡಿಲವಾಗಿ ಯಂತ್ರ ಕುಂಯ್‌ಗುಟ್ಟುತ್ತದೆ. ಯಂತ್ರ ಕೆಟ್ಟಿತೆಂದು ತಿಳಿದು ಪೆಟ್ಟಿಗೆಗೆ ಸೇರಿಸುವವರೇ ಹೆಚ್ಚು. ಬದಲಿಸಬೇಕಾದ್ದು ಮೋಲ್ಡ್ ಮಾತ್ರ. 675 ಅಥವಾ 13 ನಂಬರಿನ ಜಿಂಕ್-ಏರ್ ಬ್ಯಾಟರಿಯ ಬಣ್ಣದ ಚೀಟಿ ಕಿತ್ತ ಗಳಿಗೆಯಿಂದ ಗಾಳಿ ತಾಗಿ ಅದು ಖರ್ಚಾಗತೊಡಗುತ್ತದೆ, ಯಂತ್ರಕ್ಕೆ ಹಾಕಲಿ ಬಿಡಲಿ. ಇಡೀ ಹಾಳೆಯ ಚೀಟಿಗಳನ್ನು ಒಟ್ಟಿಗೆ ಕಿತ್ತಿಡಬೇಡಿ. ರಾತ್ರಿ ಬ್ಯಾಟರಿ ಬಾಗಿಲು ತೆರೆದಿಡಿ. ಯಂತ್ರ ಸಿಕ್ಕಿದೆ ಎಂದು ಶಾಲೆಯ ವರದಿ ಮುಗಿದುಬಿಡುತ್ತದೆ. ಮಗು ದಿನಕ್ಕೆ ಎಷ್ಟು ಗಂಟೆ ಹಾಕಿಕೊಂಡಿದೆ ಎಂಬ ಕಾಲಂ ಯಾವ ನಮೂನೆಯಲ್ಲೂ ಕಾಣುವುದಿಲ್ಲ.

ಯುಡಿಐಡಿ, ಅಂದರೆ ವಿಕಲಚೇತನರ ಗುರುತಿನ ಕಾರ್ಡಿಗೆ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು, ತಪಾಸಣೆಗೆ ಜಿಲ್ಲಾಸ್ಪತ್ರೆ, ಕೋಲಾರದವರಿಗೆ ಎಸ್‌ಎನ್‌ಆರ್. ನ್ಯೂನತೆ ಶೇ. 40ಕ್ಕಿಂತ ಕಡಿಮೆ ಇದ್ದರೆ ಕಾರ್ಡಿನಲ್ಲಿ ಬಿಳಿ ಪಟ್ಟಿ, 40ರಿಂದ 80ರ ಒಳಗೆ ಹಳದಿ, 80 ಮತ್ತು ಮೇಲೆ ನೀಲಿ. ಸೌಲಭ್ಯಗಳ ಬಹುಪಾಲು ಶೇ. 40ರಿಂದ ಶುರುವಾಗುವುದರಿಂದ ಕಾರ್ಡು ಬರುವವರೆಗೆ ಐಇಪಿ ಬರೆಯುವುದಿಲ್ಲ ಎನ್ನುವ ಶಾಲೆಗಳಿವೆ. ಇದು ತಪ್ಪು. 2016ರ ಕಾಯ್ದೆಯ 16ನೇ ಕಲಮು ಮಗುವಿನ ಅಗತ್ಯಕ್ಕೆ ತಕ್ಕ ಬೆಂಬಲ ಕೊಡಬೇಕೆನ್ನುತ್ತದೆ, ಅದಕ್ಕೆ ಶೇಕಡಾವಾರಿನ ಗೆರೆ ಎಳೆದಿಲ್ಲ. ಇನ್ನೊಂದು ಮಾತನ್ನೂ ನೆನಪಿಡಬೇಕು. ಅಮೆರಿಕದಲ್ಲಿ ಐಇಪಿ ಕಾನೂನಿನ ದಾಖಲೆ, ಪಾಲಿಸದಿದ್ದರೆ ಶಾಲೆ ಉತ್ತರಿಸಬೇಕು. ನಮ್ಮ ಕಾಯ್ದೆಯಲ್ಲಿ ಬೆಂಬಲ ಹಕ್ಕು, ಆದರೆ ಐಇಪಿ ಎಂಬ ಹಾಳೆಗೆ ಆ ಮಟ್ಟದ ಬಲವಿಲ್ಲ. ಇಂಟರ್‌ನೆಟ್ಟಿನಲ್ಲಿ ಓದಿದ ಅಲ್ಲಿಯ ನಿಯಮ ಹೇಳಿ ಮುಖ್ಯ ಶಿಕ್ಷಕರ (ಹೆಚ್.ಎಂ.) ಹತ್ತಿರ ವಾದಕ್ಕೆ ನಿಂತರೆ ಕೆಲಸ ಕೆಡುತ್ತದೆ.

ಹಾಳೆಯಲ್ಲಿ ಇರಬೇಕಾದ್ದು ಐದು ಸಂಗತಿ: ಮಗು ಈಗ ಏನು ಮಾಡಬಲ್ಲದು, ವರ್ಷದ ಗುರಿ, ಅದನ್ನು ಒಡೆದು ಬರೆದ ಸಣ್ಣ ಗುರಿಗಳು, ಯಾರು ಯಾವಾಗ ಯಾವ ಸಾಮಗ್ರಿಯಿಂದ ಕಲಿಸುತ್ತಾರೆ, ಕಲಿತದ್ದನ್ನು ಹೇಗೆ ಅಳೆಯುತ್ತಾರೆ. ಮೊದಲನೆಯದು ಸೊರಗಿದರೆ ಉಳಿದ ನಾಲ್ಕೂ ಸುಳ್ಳು. ಬೌದ್ಧಿಕ ನ್ಯೂನತೆಯ ಮಕ್ಕಳಿಗೆ ಇಲ್ಲಿ ಬಳಸುವುದು ಮಗು ಏನೇನು ಮಾಡಬಲ್ಲದೆಂದು ಗುರುತಿಸುವ ಎಫ್‌ಎಸಿಪಿ ಅಥವಾ ಎಂಡಿಪಿಎಸ್ ಎಂಬ ಪಟ್ಟಿಗಳು. ಎಂಡಿಪಿಎಸ್‌ನಲ್ಲಿ 18 ವಿಭಾಗ, ಒಂದೊಂದರಲ್ಲಿ 20 ಅಂಶ, ಒಟ್ಟು 360. ಎಫ್‌ಎಸಿಪಿಯಲ್ಲಿ ಒಂದು ಹಂತದ ಶೇ. 80 ಅಂಶ ಸಾಧಿಸಿದರೆ ಮುಂದಿನ ಹಂತ. ಇವನ್ನು ಮಗುವನ್ನು ನೋಡದೆ, ಅಮ್ಮನನ್ನು ಕೇಳದೆ, ಬಿಆರ್‌ಸಿಯ ಮೇಜಿನ ಮೇಲೆ ಒಂದೇ ಬೈಠಕ್ಕಿನಲ್ಲಿ ತುಂಬಿದ್ದರೆ ತಕ್ಷಣ ಗೊತ್ತಾಗುತ್ತದೆ: ಎಲ್ಲ ಮಕ್ಕಳ ಹಾಳೆಯಲ್ಲೂ ಒಂದೇ ವಾಕ್ಯಗಳಿರುತ್ತವೆ.

ಆ ವಾಕ್ಯಗಳೂ ಎಂಥವು! “ಓದುವ ಸಾಮರ್ಥ್ಯ ಬೆಳೆಸುವುದು”, “ಸಾಮಾಜಿಕ ಕೌಶಲ ಅಭಿವೃದ್ಧಿ”. ಇಂಥ ಗುರಿ ಮುಟ್ಟಿತೋ ಇಲ್ಲವೋ ಎಂದು ಹೇಳಲು ಯಾರಿಂದಲೂ ಆಗದು. ಒಳ್ಳೆಯ ಗುರಿಗೆ ಗಡುವು, ಸನ್ನಿವೇಶ, ಅಳತೆ ಮೂರೂ ಇರುತ್ತವೆ: “ದಸರಾ ರಜೆಯೊಳಗೆ ರ, ಗ, ಸ, ದ, ಅ ಈ ಐದು ಅಕ್ಷರಗಳ ಮಿಂಚುಪಟ್ಟಿ ತೋರಿಸಿದಾಗ 10ರಲ್ಲಿ 8 ಸಲ ಸರಿಯಾಗಿ ಹೇಳುವುದು, ಡಿಸೆಂಬರಿನೊಳಗೆ ಸರ, ಅರಸ, ಗರಗಸ ಓದುವುದು.” ಒಂದನೇ ತರಗತಿಯ ಅಕ್ಷರಕ್ರಮವನ್ನೇ ಹಿಡಿದಿರುವುದರಿಂದ ಶಿಕ್ಷಕರಿಗೆ ಬೇರೆ ಸಾಮಗ್ರಿಯ ತಲೆನೋವಿಲ್ಲ. ಗುಣಿತಾಕ್ಷರ, ಒತ್ತಕ್ಷರಗಳನ್ನು ಒಟ್ಟಿಗೆ ಗುರಿಯಾಗಿಟ್ಟರೆ ಡಿಸ್ಲೆಕ್ಸಿಯಾ ಇರುವ ಮಗು ಅಲ್ಲೇ ಕುಸಿಯುತ್ತದೆ. ಕೊಂಬು, ದೀರ್ಘ, ಏತ್ವ ಒಂದೊಂದನ್ನೂ ಬೇರೆ ಗುರಿಯಾಗಿ ಬರೆಯಬೇಕು. ಒತ್ತಕ್ಷರಕ್ಕೆ ಕೊನೆಯ ಸರದಿ, ಅದರಲ್ಲೂ ಸಜಾತಿಯವು ಮೊದಲು: ಅಕ್ಕ, ಅಪ್ಪ, ಹಗ್ಗ.

ಓದು-ಬರಹಕ್ಕಿಂತ ಹೆಚ್ಚಾಗಿ ಬಿಸಿಯೂಟದ ಹೊತ್ತು ಐಇಪಿಗೆ ಒದಗಿಬರುತ್ತದೆ, ಆದರೆ ಹಾಳೆಗಳಲ್ಲಿ ಅದು ಕಾಣುವುದೇ ಅಪರೂಪ. ಕೈ ತೊಳೆಯುವುದನ್ನು ನಲ್ಲಿ ತಿರುಗಿಸು, ಕೈ ಒದ್ದೆ ಮಾಡು, ಸೋಪು ಹಚ್ಚು, ಉಜ್ಜು, ತೊಳೆ, ನಲ್ಲಿ ನಿಲ್ಲಿಸು, ಒರೆಸು ಎಂದು ಏಳು ಹೆಜ್ಜೆಯಾಗಿ ಒಡೆಯಿರಿ. ಪ್ರತಿ ಹೆಜ್ಜೆಗೂ ಮಗು ಕೈಹಿಡಿದು ಮಾಡಿಸಿದರೆ ಮಾಡುತ್ತದೆಯೋ, ಸನ್ನೆ ಸಾಕೋ, ಮಾತು ಸಾಕೋ, ತಾನೇ ಮಾಡುತ್ತದೆಯೋ ಎಂದು ನಾಲ್ಕರಲ್ಲಿ ಒಂದು ಗುರುತು ಹಾಕಿದರೆ ಅದೇ ಅಳತೆ. ಮಾತು ಬಾರದ ಮಗುವಿಗೆ ಮೊಟ್ಟೆಯ ದಿನ ಇನ್ನೂ ಒಳ್ಳೆಯ ಅವಕಾಶ. ಮೊಟ್ಟೆ, ಬಾಳೆಹಣ್ಣು ಎರಡರ ಚಿತ್ರವಿರುವ ಕಾರ್ಡು ಮುಂದಿಟ್ಟು ಬೇಕಾದ್ದನ್ನು ಮುಟ್ಟಿ ತೋರಿಸಲು ಕಲಿಸಿದರೆ ಆಯ್ಕೆ ಮಾಡುವುದು, ಕೇಳುವುದು, ಕಾಯುವುದು ಒಂದೇ ಏಟಿಗೆ ಬರುತ್ತವೆ. ಕಾರ್ಡು ತೋರಿಸಿದ್ದನ್ನೇ ಕೊಡಬೇಕು. ಅಡುಗೆಯವರಿಗೆ ಇದನ್ನು ಹೇಳಿರದಿದ್ದರೆ “ಇವನಿಗೇನು ಗೊತ್ತಾಗುತ್ತೆ” ಎಂದು ಕೈಗೆ ಸಿಕ್ಕಿದ್ದನ್ನು ಇಟ್ಟುಬಿಡುತ್ತಾರೆ, ವಾರದ ಶ್ರಮ ನೀರುಪಾಲು.

ಒಂದರಿಂದ ಮೂರನೇ ತರಗತಿಯವರೆಗೆ ಚಟುವಟಿಕೆಯ ಮೂಲಕ ಕಲಿಸುವ ನಲಿಕಲಿ ಇರುವುದು ಈ ಮಕ್ಕಳ ಪುಣ್ಯ. ಶಿಕ್ಷಕರ ಪೂರ್ಣ ಸಹಾಯದಿಂದ ಸ್ವಕಲಿಕೆಯವರೆಗೆ ಐದು ಗುಂಪು, ಕಲಿಕೆಯ ಹೆಜ್ಜೆಗಳನ್ನು ತೋರಿಸುವ ಏಣಿ, ಅದರಲ್ಲಿನ ಮೈಲಿಗಲ್ಲು, ಮಗುವಿನ ವೇಗಕ್ಕೆ ತಕ್ಕ ನಡಿಗೆ: ಐಇಪಿ ಬಯಸುವ ವ್ಯವಸ್ಥೆ ಅಲ್ಲಿ ಆಗಲೇ ಇದೆ. ಐಇಪಿಯ ಸಣ್ಣ ಗುರಿಯನ್ನು ಮೈಲಿಗಲ್ಲಿನ ಸಂಖ್ಯೆಯಿಂದಲೇ ಬರೆದರೆ ಶಿಕ್ಷಕರು ಅದನ್ನು ನಿಜಕ್ಕೂ ನೋಡುತ್ತಾರೆ. ನಾಲ್ಕನೇ ತರಗತಿಗೆ ಬಂದ ಕೂಡಲೇ ಏಣಿ ಮಾಯ, ಕೈಗೆ ಪಠ್ಯಪುಸ್ತಕ. ಮಗು ಜೂನ್‌ನಿಂದ ಜುಲೈ ಒಳಗೆ ಹಿಂದೆ ಬೀಳುವುದು ಇಲ್ಲೇ. ಮೂರನೇ ತರಗತಿಯ ಕೊನೆಯಲ್ಲೇ ನಾಲ್ಕನೆಯದರ ಯೋಜನೆ ಬರೆಸಿಕೊಳ್ಳಬೇಕು. ಪಾಠದ ಯಾವ ಭಾಗ ಬಿಡಬಹುದು, ಉತ್ತರವನ್ನು ಬಾಯಲ್ಲಿ ಹೇಳಬಹುದೇ, ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ) ಚಟುವಟಿಕೆಯನ್ನು ಹೇಗೆ ಬದಲಿಸುವುದು ಎಂಬುದೆಲ್ಲ ಅದರಲ್ಲಿರಲಿ.

ಕಳಪೆ ಎಂದದ್ದು ಇಲ್ಲಿಗೇ ಬಂದು ನಿಲ್ಲುತ್ತದೆ. ಐಇಪಿ ಬರೆಯುವವರು ಬಿಐಇಆರ್‌ಟಿ, ದಿನವೂ ಕಲಿಸುವವರು ತರಗತಿ ಶಿಕ್ಷಕರು, ಹಾಳೆ ಇರುವುದು ಅಧಿಕಾರಿಗಳ ತಪಾಸಣೆಗೆಂದು ಇಟ್ಟ ಫೈಲಿನಲ್ಲಿ. ಬಹುತೇಕ ಕಡೆ ಮಗುವಿನ ಗುರಿ ಏನೆಂದು ಮೇಷ್ಟ್ರನ್ನು ಕೇಳಿದರೆ ಫೈಲು ಹುಡುಕುತ್ತಾರೆ. ಪರಿಹಾರಕ್ಕೆ ಸರ್ಕಾರದ ಆದೇಶವೇನೂ ಬೇಡ. ಈ ಎರಡು ತಿಂಗಳ ಮೂರು ಗುರಿಗಳನ್ನು ಮಾತ್ರ ಅರ್ಧ ಹಾಳೆಯಲ್ಲಿ ಬರೆದು ಶಿಕ್ಷಕರ ಪಾಠಟಿಪ್ಪಣಿ ಪುಸ್ತಕಕ್ಕೆ ಅಂಟಿಸಿದರೆ ಸಾಕು. ಮೂರಕ್ಕಿಂತ ಹೆಚ್ಚಿದ್ದರೆ ಮಕ್ಕಳು ತುಂಬಿದ ತರಗತಿಯಲ್ಲಿ ಒಂದೂ ನಡೆಯದು. ಪೋಷಕರು ಅದರ ಒಂದು ಪ್ರತಿಯನ್ನು ಕೇಳಿ ಪಡೆಯಬೇಕು. ಸಹಿಗೆಂದು ಖಾಲಿ ನಮೂನೆ ಮುಂದೆ ಇಟ್ಟರೆ “ತುಂಬಿ ಕೊಡಿ ಮೇಡಂ, ಓದಿಸಿಕೊಂಡು ಹಾಕ್ತೀವಿ” ಎನ್ನಿ. ಎಸ್‌ಎ-1 (ಮೊದಲ ಸಂಕಲನಾತ್ಮಕ ಪರೀಕ್ಷೆ) ಮುಗಿದು ದಸರಾ ರಜೆಗೆ ಮುಂಚೆ ಒಮ್ಮೆ, ಜನವರಿಯಲ್ಲಿ ಒಮ್ಮೆ ಮರುಪರಿಶೀಲನೆ ಆಗಬೇಕು. ಗುರಿ ಮುಟ್ಟದಿದ್ದರೆ ಮಗುವನ್ನು ದೂರುವ ಮೊದಲು ಗುರಿ ದೊಡ್ಡದಾಯಿತೇ, ಸಾಮಗ್ರಿ ತಪ್ಪೇ, ಕಲಿಸಿದ್ದೇ ಇಲ್ಲವೇ ಎಂದು ಈ ಕ್ರಮದಲ್ಲಿ ನೋಡಬೇಕು. ಮೂರನೆಯದೇ ಹೆಚ್ಚು ಸಲ ನಿಜವಾಗಿರುತ್ತದೆ.

ದುಡ್ಡಿನ ವಿಷಯದಲ್ಲಿ ಗೊಂದಲ ಬಹಳ. ಸಮಗ್ರ ಶಿಕ್ಷಣದಲ್ಲಿ ಮಗುವಿಗೆ ವರ್ಷಕ್ಕೆ 3,500 ರೂ. ಎಂಬುದು ಯೋಜನೆ ಮಾಡಲು ಇಟ್ಟ ಲೆಕ್ಕ. ಶಿಬಿರ, ಸಲಕರಣೆ, ಭತ್ಯೆ ಎಲ್ಲ ಅದರೊಳಗೇ. ಆ ಮೊತ್ತ ಯಾರ ಖಾತೆಗೂ ಇಡಿಯಾಗಿ ಬರುವುದಿಲ್ಲ. ಹೆಣ್ಣುಮಕ್ಕಳಿಗೆ ತಿಂಗಳಿಗೆ 200 ರೂ.ನಂತೆ 10 ತಿಂಗಳ ಶಿಷ್ಯವೇತನ ಪ್ರತ್ಯೇಕವಾಗಿ ನೇರ ಖಾತೆಗೆ. ಸಾರಿಗೆ, ಬೆಂಗಾವಲು, ರೀಡರ್ (ಓದಿ ಹೇಳುವವರ) ಭತ್ಯೆಗಳು ಅರ್ಹತೆ ಇದ್ದವರಿಗೆ. ಹಣ ಬರದಿದ್ದರೆ ಬಿಆರ್‌ಸಿಗೆ ಹೋಗುವ ಮೊದಲು ಬ್ಯಾಂಕಿಗೆ ಹೋಗಿ: ಮಗುವಿನ ಖಾತೆಗೆ ಆಧಾರ್ ಜೋಡಣೆಯಾಗಿದ್ದರೂ ಎನ್‌ಪಿಸಿಐ ಮ್ಯಾಪಿಂಗ್ (ಸರ್ಕಾರದ ಹಣ ಯಾವ ಖಾತೆಗೆ ಬರಬೇಕೆಂಬ ನಮೂದು) ಆಗಿರುವುದಿಲ್ಲ. ಆಧಾರ್‌ನಲ್ಲೊಂದು, ಸ್ಯಾಟ್ಸ್‌ನಲ್ಲೊಂದು ಹೆಸರಿದ್ದರೂ ಹಾಗೇ ನಿಲ್ಲುತ್ತದೆ.

ತೀವ್ರ ನ್ಯೂನತೆಯ ಮಕ್ಕಳಿಗೆ ಗೃಹಾಧಾರಿತ ಶಿಕ್ಷಣವಿದೆ. 2012ರ ತಿದ್ದುಪಡಿಯ ನಂತರ ಆರ್‌ಟಿಇ, ಅಂದರೆ ಶಿಕ್ಷಣ ಹಕ್ಕು ಕಾಯ್ದೆ ಇದನ್ನು ಪೋಷಕರ ಆಯ್ಕೆಯಾಗಿ ಇಟ್ಟಿದೆ, ಶಾಲೆಯ ಆಯ್ಕೆಯಾಗಿ ಅಲ್ಲ. “ಮನೆಗೇ ಬರ್ತಾರಲ್ಲ, ಶಾಲೆಗೆ ಯಾಕೆ ಕರ್ಕೊಂಡು ಬರ್ತೀರಮ್ಮ” ಎಂಬ ಮಾತು ಕೇಳಿಬಂದರೆ ಒಪ್ಪಬೇಡಿ. ನಡುವಿನ ದಾರಿ ಶಾಲಾ ಸಿದ್ಧತಾ ಕೇಂದ್ರ. ಫಿಸಿಯೋಥೆರಪಿ ಸಿಗುವ ದಿನ ಯಾವುದೆಂದು ಕೇಳಿಕೊಂಡು ಹೋಗಿ. ಅಲ್ಲಿ ತೋರಿಸಿದ ವ್ಯಾಯಾಮ ಮನೆಯಲ್ಲಿ ದಿನವೂ ನಡೆಯದಿದ್ದರೆ ವಾರಕ್ಕೊಂದು ಭೇಟಿಯಿಂದ ಬಿಗಿದ ಸ್ನಾಯು ಸಡಿಲವಾಗುವುದಿಲ್ಲ, ಆದ್ದರಿಂದ ಫೋನಿನಲ್ಲಿ ವಿಡಿಯೊ ಮಾಡಿಕೊಳ್ಳಲು ಅನುಮತಿ ಕೇಳಿ.

ಎಸ್ಸೆಸ್ಸೆಲ್ಸಿ ರಿಯಾಯಿತಿಯಲ್ಲಿ ಸೇವೆ ಪರವಾಗಿಲ್ಲ, ಎಡವುವುದು ಸಮಯ. ಹೆಚ್ಚುವರಿ ಸಮಯ, ಬರಹಗಾರ, ಎರಡನೇ ಮೂರನೇ ಭಾಷೆಯ ವಿನಾಯಿತಿ ಇವನ್ನು ವಿಕಲಚೇತನರ ಹಕ್ಕುಗಳ ಕಾಯ್ದೆಯ 17ನೇ ಕಲಮೇ ಹೇಳುತ್ತದೆ. ಕೇಂದ್ರ ಮಾರ್ಗಸೂಚಿಯಂತೆ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚು, ಮೂರು ಗಂಟೆಯ ಪತ್ರಿಕೆಗೆ ಒಂದು ಗಂಟೆ. ಅರ್ಜಿ ಹೆಚ್.ಎಂ. ಮೂಲಕ, ಪರೀಕ್ಷೆಯ ನೋಂದಣಿ ಸಮಯದಲ್ಲೇ ಹೋಗಬೇಕು. ಮಾರ್ಚಿನಲ್ಲಿ ಓಡಾಡಿದರೆ ಆಗದು. ಕಲಿಕಾ ನ್ಯೂನತೆಯ ಪ್ರಮಾಣಪತ್ರದಲ್ಲಿ ಇನ್ನೊಂದು ಗುಂಡಿ ಇದೆ. 2018ರ ಜನವರಿಯ ಮಾರ್ಗಸೂಚಿ ಅದನ್ನು 8ನೇ ವಯಸ್ಸಿಗೆ ಕೊಟ್ಟು 14ಕ್ಕೆ, 18ಕ್ಕೆ ಮತ್ತೆ ಪರೀಕ್ಷಿಸಬೇಕೆಂದಿತ್ತು. 14 ಅಂದರೆ ಸರಿಯಾಗಿ ಒಂಬತ್ತನೇ ತರಗತಿಯ ಆಸುಪಾಸು. ಹಳೆಯ ಪ್ರಮಾಣಪತ್ರ ನಂಬಿ ಕೂತವರು ಹತ್ತನೇ ತರಗತಿಯಲ್ಲಿ ಸಿಕ್ಕಿಬೀಳುತ್ತಾರೆ. ಬರಹಗಾರನ ಜೊತೆ ಅಭ್ಯಾಸವಿಲ್ಲದೆ ಪರೀಕ್ಷೆಗೆ ಕೂತರೆ ಹೆಚ್ಚುವರಿ ಗಂಟೆಯೂ ಸಾಲದು. ಹೇಳಿ ಬರೆಸುವುದು ಬೇರೆಯೇ ಕೌಶಲ, ಒಂಬತ್ತನೇ ತರಗತಿಯ ಎಫ್‌ಎಗಳಿಂದಲೇ ಅಭ್ಯಾಸವಾಗಲಿ.

ಖಾಸಗಿ ಅನುದಾನರಹಿತ ಶಾಲೆಯ ಮಕ್ಕಳಿಗೆ ಬಿಆರ್‌ಸಿಯಿಂದ ಹೆಚ್ಚೇನೂ ನಿರೀಕ್ಷಿಸಬೇಡಿ. ಆದರೆ ಮಾನ್ಯತೆ ಪಡೆದ ಶಾಲೆಗಳೂ 16ನೇ ಕಲಮಿನ ವ್ಯಾಪ್ತಿಯಲ್ಲೇ ಇವೆ, ನ್ಯೂನತೆ ಇದೆಯೆಂದು ದಾಖಲಾತಿ ನಿರಾಕರಿಸುವಂತಿಲ್ಲ. ಸರ್ಕಾರಿಯಾಗಲಿ ಖಾಸಗಿಯಾಗಲಿ ದಾಖಲಾತಿಯ ತಕರಾರಿಗೆ ಇದೇ ಕಾಯ್ದೆಯ 2017ರ ನಿಯಮಗಳ ಪ್ರಕಾರ ಜಿಲ್ಲಾ ಶಿಕ್ಷಣ ಕಚೇರಿಯಲ್ಲಿ ನೋಡಲ್ ಅಧಿಕಾರಿ ಇರಬೇಕು. ಮೊದಲು ತಾಲ್ಲೂಕಿನ ಬಿಇಒ, ಆಮೇಲೆ ಜಿಲ್ಲೆಯ ಡಿಡಿಪಿಐ ಕಚೇರಿ. ಅರ್ಜಿ ಬರಹದಲ್ಲಿರಲಿ, ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ.

ಸೇವೆ ಪೂರ್ತಿ ಕೈಬಿಡುವ ಜಾಗ ಒಂದೇ: ಮಗು ಶಾಲೆ ಬದಲಿಸಿದಾಗ. ಏಳು ಮುಗಿಸಿ ಎಂಟನೇ ತರಗತಿಗೆ ಪ್ರೌಢಶಾಲೆ ಸೇರಿದಾಗ ಟಿ.ಸಿ. ಹೋಗುತ್ತದೆ, ಐಇಪಿ ಫೈಲು ಹಳೆಯ ಶಾಲೆಯ ಕಪಾಟಿನಲ್ಲೇ ಉಳಿಯುತ್ತದೆ; ಹೊಸ ಶಾಲೆಯವರು ಮತ್ತೆ ಮೊದಲಿನಿಂದ ತಪಾಸಣಾ ಪಟ್ಟಿ ತುಂಬುತ್ತಾರೆ. ಟಿ.ಸಿ. ತರಲು ಹೋದ ದಿನವೇ ಮೂರು ಪ್ರತಿ ಕೇಳಿ: ಕೊನೆಯ ವರ್ಷದ ಐಇಪಿ, ಮರುಪರಿಶೀಲನೆಯ ಹಾಳೆ, ಕೊಟ್ಟ ಸಲಕರಣೆಗಳ ಪಟ್ಟಿ ದಿನಾಂಕದ ಸಮೇತ. ಸ್ಯಾಟ್ಸ್‌ನಲ್ಲಿ ವಿಶೇಷ ಅಗತ್ಯದ ನಮೂದು ಹೊಸ ಶಾಲೆಗೂ ಸರಿಯಾಗಿ ಹೋಗಿದೆಯೇ ಎಂದು ಅಲ್ಲಿಯ ಹೆಚ್.ಎಂ. ಲಾಗಿನ್‌ನಲ್ಲಿ ನೋಡಿಸಿ. ಅದು ಬಿಟ್ಟುಹೋಗಿದ್ದರೆ ಮುಂದಿನ ಶಿಬಿರದ ಪಟ್ಟಿಯಲ್ಲೂ ಭತ್ಯೆಯ ಪಟ್ಟಿಯಲ್ಲೂ ಮಗುವಿನ ಹೆಸರು ಇರುವುದಿಲ್ಲ.